ಕದಿಯುವಂಥದ್ದು ಏನಿದೆ ಸ್ವಾಮಿ?

ಮನೆಗೆ ಕಳ್ಳರ ಅಲಾರಂ ಹಾಕಿಸಲು ಹೊರಟವನು ಮೊದಲು ತನ್ನ ಮನೆಯಲ್ಲಿ ಕದಿಯುವಂಥದ್ದು ಏನೇನಿದೆ ಎಂದು ಪಟ್ಟಿ ಮಾಡಬೇಕಾಗುತ್ತದೆ. ಇದು ಆತ್ಮಗೌರವಕ್ಕೆ ಅಷ್ಟೇನೂ ಒಳ್ಳೆಯ ಕೆಲಸವಲ್ಲ. ನೌಕರಿಯಲ್ಲಿದ್ದಷ್ಟು ಕಾಲವೂ ಸರ್ಕಾರದ ಜಮಾ-ಖರ್ಚು ನೋಡಿಕೊಂಡಿದ್ದವನು ನಾನು. ಲೆಕ್ಕಕ್ಕೆ ಹೆದರುವ ಪೈಕಿಯಲ್ಲ. ಆದರೂ ಹಾಳೆಯ ಎಡಕ್ಕೆ ‘ವಸ್ತು’, ಬಲಕ್ಕೆ ‘ಅಂದಾಜು ಬೆಲೆ’ ಎಂದು ಬರೆದು ನಡುವೆ ಗೆರೆ ಎಳೆದು ಕೂತರೆ, ಎಡಗಡೆ ತುಂಬುತ್ತಾ ಹೋಯಿತು, ಬಲಗಡೆ ಖಾಲಿಯೇ ಉಳಿಯಿತು. ಚಿನ್ನ ಬ್ಯಾಂಕಿನ ಲಾಕರಿನಲ್ಲಿದೆ. ನಗದನ್ನು ಯುಪಿಐ ನುಂಗಿ ಯಾವುದೋ ಕಾಲವಾಯಿತು. ದೇವರ ಮುಂದಿನ ಡಬ್ಬಿಯ ಚಿಲ್ಲರೆ ಬಿಟ್ಟರೆ ಮನೆಯಲ್ಲಿ ದುಡ್ಡಿನ ಸದ್ದೇ ಇಲ್ಲ. ಅಜ್ಜಿಯ ಕಾಲದ ತಾಮ್ರದ ಹಂಡೆಯೊಂದಿದೆ. ಕಳ್ಳ ಒಬ್ಬನೇ ಬಂದು ಎತ್ತಲು ಹೋದರೆ ಸೊಂಟ ಹಿಡಿದುಕೊಂಡು ಅಲ್ಲೇ ಕೂರಬೇಕಾಗುತ್ತದೆ. ಇನ್ನು ಪುಸ್ತಕಗಳು. ಪುಸ್ತಕ ಒಯ್ಯುವವರು ಬೀಗ ಮುರಿಯುವುದಿಲ್ಲ. ಬೆಲ್ ಒತ್ತಿ, ಕಾಫಿ ಕುಡಿದು, “ಓದಿ ಕೊಡ್ತೀನಿ” ಎಂದು ಹೇಳಿಯೇ ಒಯ್ಯುತ್ತಾರೆ. ಅವರನ್ನು ತಡೆಯುವ ಯಂತ್ರ ಇನ್ನೂ ಬಂದಿಲ್ಲ.

“ನನ್ನ ರೇಷ್ಮೆ ಸೀರೆಗಳನ್ನ ಬರೆದ್ರಾ?” ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಬರೆದೆ. ಬಲಗಡೆಯ ಕಾಲಂಗೆ ಸ್ವಲ್ಪ ಮಾನ ಬಂತು.

ಲಾಕರ್ ಎಂದಮೇಲೆ ಒಂದು ಮಾತು. ಅಲ್ಲಿಟ್ಟ ಚಿನ್ನಕ್ಕೆ ಯಾವ ಭಯವೂ ಇಲ್ಲವೆಂದು ನಾವೆಲ್ಲ ನಂಬಿದ್ದೇವಲ್ಲ, ರಿಸರ್ವ್ ಬ್ಯಾಂಕಿನ ನಿಯಮವನ್ನು ಒಮ್ಮೆ ಓದಬೇಕು. 2022ರ ಜನವರಿಯಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಇಲ್ಲವೇ ನೌಕರರ ಮೋಸದಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಒಳಗೆ ಇದ್ದದ್ದು ಅವಲಕ್ಕಿ ಸರವೋ ಉಮಾಗೋಲ್ಡೋ, ಲೆಕ್ಕ ಬಾಡಿಗೆಯ ಮೇಲೆಯೇ. ಇದನ್ನು ನಾನು ಓದಿದೆ. ಮನೆಯಲ್ಲಿ ಓದಿ ಹೇಳಲಿಲ್ಲ.

ಹಾಗಾದರೆ ಅಲಾರಂ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಹಿಂದಿನ ಕ್ರಾಸಿನಲ್ಲಿ ಒಂದು ಮನೆಯವರು ಮದುವೆಗೆಂದು ಊರಿಗೆ ಹೋಗಿದ್ದಾಗ ಬಾಗಿಲು ಮೀಟಿದ್ದರು. ಹೋದದ್ದು ಒಂದು ಲ್ಯಾಪ್‌ಟಾಪು, ಬೆಳ್ಳಿಯ ದೀಪಗಳು. ಬಂದದ್ದು ಇಡೀ ಬಡಾವಣೆಗೆ ನಡುಕ. ಅವತ್ತಿನಿಂದ ಸಂಜೆಯ ವಾಕಿಂಗಿನಲ್ಲಿ ಷುಗರ್ರು, ಪಿಂಚಣಿ ಎಲ್ಲ ಹಿಂದೆ ಬಿದ್ದು ಬೀಗದ ಮಾತೇ ಮುಂದಾಯಿತು. ಪೊಲೀಸರ ಕಡತದಲ್ಲಿ ಇದಕ್ಕೆ ಹಗಲು ಕನ್ನ ಕಳವು, ರಾತ್ರಿ ಕನ್ನ ಕಳವು ಎಂದು ಎರಡು ಬಗೆಯಂತೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವುದಕ್ಕೆ ಮೊದಲು ನುಗ್ಗಿದರೆ ಅದು ರಾತ್ರಿ ಕನ್ನ, ಶಿಕ್ಷೆಯೂ ಹೆಚ್ಚು. ಹಳೆಯ ದಂಡಸಂಹಿತೆಯಲ್ಲೂ ಹೀಗೇ ಇತ್ತು, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹೀಗೇ ಇದೆ. ಅಂದರೆ ಕಾನೂನು ಬಲ್ಲ ಕಳ್ಳ ಪಂಚಾಂಗದಲ್ಲಿ ಸೂರ್ಯಾಸ್ತ ನೋಡಿಕೊಂಡೇ ಹೊರಡಬೇಕು. ರಾಹುಕಾಲವನ್ನೂ ನೋಡುತ್ತಾನೋ ಏನೋ.

ನಮ್ಮ ನಾಯಂಡಹಳ್ಳಿಯ ಭೂಗೋಳವನ್ನೂ ಇಲ್ಲಿ ಹೇಳಿಬಿಡಬೇಕು. ಅಲಾರಂ ಕಥೆಗೆ ಅದು ಸಂಬಂಧಪಟ್ಟದ್ದೇ. ಮೈಸೂರು ರಸ್ತೆ ಬಂದು ಹೊರವರ್ತುಲ ರಸ್ತೆಯನ್ನು ಸಂಧಿಸುವ ಜಾಗ ಇದು. ಮೇಲೆ ಫ್ಲೈಓವರ್, ಪಕ್ಕದಲ್ಲಿ ಮೈಸೂರಿನ ರೈಲು, 2021ರ ಆಗಸ್ಟಿನಿಂದ ಕೆಂಗೇರಿಯ ಕಡೆಗೆ ಓಡುವ ನೇರಳೆ ಮೆಟ್ರೊ, ಇವೆಲ್ಲದರ ಜೊತೆಗೆ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದವಳೆಂದು ಹೇಳುವ ಆ ನದಿ ನಮ್ಮಲ್ಲಿಗೆ ಬರುವ ಹೊತ್ತಿಗೆ ಏನಾಗಿರುತ್ತಾಳೆಂದು ಕಿಟಕಿ ಮುಚ್ಚಿಕೊಂಡರೂ ಗೊತ್ತಾಗುತ್ತದೆ. ಊರಿನ ಹಳೆ ಪ್ಲಾಸ್ಟಿಕ್ಕು, ಕೆಟ್ಟ ಕಂಪ್ಯೂಟರು ಬಂದು ಬೀಳುವ ಗುಜರಿ ಗೋದಾಮುಗಳಿಗೂ ನಾವು ಹೆಸರುವಾಸಿ. ಇಷ್ಟು ಸದ್ದು, ಇಷ್ಟು ವಾಸನೆಗಳ ನಡುವೆ ಒಬ್ಬ ಕಳ್ಳ ಬಂದು ಹೋದರೆ ಮೂಗಿಗೂ ಗೊತ್ತಾಗದು, ಕಿವಿಗೂ ಗೊತ್ತಾಗದು. ಮೈಸೂರು ಕಡೆಯ ಬಸ್ಸಿನ ಹಾರನ್ನಿಗೇ ಏಳದ ಜನ ಯಾವ ಅಲಾರಂಗೆ ಏಳುತ್ತಾರೆ ಎಂಬ ಸಂಶಯ ನನ್ನನ್ನು ಮೊದಲಿನಿಂದಲೂ ಕಾಡುತ್ತಿತ್ತು.

ಸಲಹೆಗಾರರಿಗೆ ಬರವಿರಲಿಲ್ಲ. “ನಾಯಿ ಸಾಕಿ” ಎಂದರು ಒಬ್ಬರು. ಮೂರು ಹೊತ್ತೂ ಅದನ್ನು ತಿರುಗಾಡಿಸುವವರು ಯಾರು ಎಂದಾಗ, “ಹಾಗಾದ್ರೆ ‘ನಾಯಿ ಇದೆ ಎಚ್ಚರಿಕೆ’ ಅಂತ ಬೋರ್ಡ್ ಮಾತ್ರ ಹಾಕಿ” ಎಂದರು. ಇನ್ನೊಬ್ಬರು ಗೂರ್ಖನನ್ನು ನೆನೆದರು. ರಾತ್ರಿಯೆಲ್ಲ ಸೈಕಲ್ ಮೇಲೆ ಸೀಟಿ ಊದುತ್ತಾ, ಕಂಬಕ್ಕೆ ಲಾಠಿ ಬಡಿಯುತ್ತಾ ಹೋಗಿ, ತಿಂಗಳ ಮೊದಲ ವಾರದಲ್ಲಿ ನಗುತ್ತಾ ಬಾಗಿಲಿಗೆ ಬರುತ್ತಿದ್ದನಲ್ಲ, ಅವನು ಈಗ ಅಪಾರ್ಟ್‌ಮೆಂಟುಗಳ ಗೇಟಿಗೆ ಸೇರಿಬಿಟ್ಟಿದ್ದಾನೆ. ಅವನ ಮೇಲೆ ನನಗೆ ಪ್ರೀತಿಯೇನೋ ಇತ್ತು. ಆದರೆ ತಾನೀಗ ಯಾವ ಕ್ರಾಸಿನಲ್ಲಿದ್ದೇನೆ ಎಂದು ಕಳ್ಳನಿಗೆ ಸೀಟಿ ಊದಿ ತಿಳಿಸುವ ಆ ಕಾವಲಿನ ತರ್ಕ ನನಗೆ ಇವತ್ತಿಗೂ ಹತ್ತಿಲ್ಲ. ವಾಕಿಂಗಿನ ಮೂರನೆಯ ಗೆಳೆಯರು ಹೇಳಿದ್ದು ಕೆಲಸದ ಮಾತು: ಹೊರಗೆ ದಪ್ಪ ಬೀಗ ಜೋತಾಡಿಸಬೇಡಿ, ಬಾಗಿಲೊಳಗೇ ಕೂರುವ ಬೀಗ ಹಾಕಿಸಿ, ಊರಿಗೆ ಹೋಗುವಾಗ ಹಾಲು, ಪೇಪರು ನಿಲ್ಲಿಸಿ, ಠಾಣೆಗೆ ತಿಳಿಸಿ ಹೋಗಿ. ಹಬ್ಬದ ರಜೆ ಹತ್ತಿರ ಬಂದಾಗೆಲ್ಲ ನಮ್ಮ ಪೊಲೀಸರೂ ಇದನ್ನೇ ಹೇಳುತ್ತಿರುತ್ತಾರೆ. ಹೊಸ್ತಿಲಲ್ಲಿ ರಂಗೋಲಿ ಇಲ್ಲದಿದ್ದರೆ ಮನೆ ಖಾಲಿ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಉಪಾಯವಾಗಿ ಮೇಲ್ಮನೆಯ ಬಾಡಿಗೆಯವರು ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದಾರೆ; ಅದು ಶ್ರಾವಣದಲ್ಲೂ ಅದೇ, ಸೂತಕದಲ್ಲೂ ಅದೇ.

ಕೊನೆಗೆ ತೀರ್ಪು ಕೊಟ್ಟಿದ್ದು ಕಡಲಾಚೆಯ ಮಗಳು. “ಅಪ್ಪಾ, ಇಲ್ಲೆಲ್ಲ ಎಲ್ಲರ ಮನೇಲೂ ಇರತ್ತೆ. ಹಾಕಿಸ್ತೀರೋ, ನಾನೇ ಆರ್ಡರ್ ಮಾಡ್ಲೋ?” ಅವಳು ಆರ್ಡರ್ ಮಾಡಿದರೆ ಡಾಲರಿನ ಲೆಕ್ಕ. ನಾನು ಮೆಟ್ರೊ ಹತ್ತಿದೆ.

ಮೆಜೆಸ್ಟಿಕ್ಕಿನಲ್ಲಿ ಹಸಿರು ಗಾಡಿಗೆ ಬದಲಾಯಿಸಿ ಚಿಕ್ಕಪೇಟೆಯಲ್ಲಿಳಿದರೆ ಎಸ್.ಪಿ. ರೋಡಿಗೆ ನಡೆದೇ ಹೋಗಬಹುದು. ಅದರ ಪೂರ್ಣ ನಾಮಧೇಯ ಸದರ್ ಪತ್ರಪ್ಪ ರಸ್ತೆ; ಹಾಗೆಂದು ಕೇಳಿದರೆ ಅಲ್ಲಿಯವರೇ ಎಸ್.ಪಿ. ರೋಡಿಗೆ ಹೋಗಿ ವಿಚಾರಿಸಿ ಎಂದಾರು. ಮಳಿಗೆಯೊಳಗೆ ಮಳಿಗೆ, ಅದರೊಳಗೊಂದು ಕಿಂಡಿ, ಕಿಂಡಿಯೊಳಗೊಬ್ಬ ಪಂಡಿತ. ನಾನು ಹೋದ ಕಿಂಡಿಯ ಪಂಡಿತನಿಗೆ ಮೊಮ್ಮಗನ ವಯಸ್ಸು.

“ವೈರ್ ಬೇಕಾ, ವೈರ್‌ಲೆಸ್ಸಾ?”

“ಯಾವುದು ಒಳ್ಳೇದಪ್ಪಾ?”

“ವೈರಿನದು ಗಟ್ಟಿ, ಗೋಡೆ ಕೊರೀಬೇಕು. ವೈರ್‌ಲೆಸ್ ಸುಲಭ, ಒಂದೊಂದು ಸೆನ್ಸರಿಗೂ ಆಗಾಗ ಬ್ಯಾಟರಿ ಬದಲಾಯಿಸ್ಬೇಕು. ಎಷ್ಟು ಝೋನ್ ಸಾರ್?”

“ಪಾಲಿಕೆಯವರು ಬದಲಾಯಿಸ್ತಾನೇ ಇರ್ತಾರೆ ಕಣಪ್ಪಾ, ಈಗ ನಮ್ಮದು ಯಾವ ಝೋನೋ ಗೊತ್ತಿಲ್ಲ” ಎಂದೆ. ಹುಡುಗ ನಗಲಿಲ್ಲ. ಒಂದು ಕಾಗದ ತೆಗೆದು ಬಾಗಿಲು ಒಂದು ಝೋನು, ಹಾಲು ಒಂದು ಝೋನು, ಹಿತ್ತಲ ಕಿಟಕಿ ಇನ್ನೊಂದು ಎಂದು ಬರೆದು ತೋರಿಸಿದ. ಎಲ್ಲಿ ನುಗ್ಗಿದರು ಎಂದು ಪೆಟ್ಟಿಗೆ ತೋರಿಸಬೇಕಾದರೆ ಮನೆಯನ್ನು ಹೀಗೆ ಪಾಲು ಮಾಡಬೇಕಂತೆ. ಅಣ್ಣ-ತಮ್ಮಂದಿರು ಇಲ್ಲದೆ ನಮ್ಮ ಮನೆ ಪಾಲಾದದ್ದು ಹೀಗೆ.

ಪೆಟ್ಟಿಗೆಗೆ ಒಂದು ಸಿಮ್ ಬೇಕು. ಕಳ್ಳ ಬಂದರೆ ಅದು ತಾನೇ ಫೋನ್ ಮಾಡುತ್ತದೆ. ಅಗ್ಗದ ಪೆಟ್ಟಿಗೆಗಳು ಮಾತಾಡುವುದು 2ಜಿಯಲ್ಲಿ. ಜಿಯೋದವರದು 4ಜಿಯಿಂದಲೇ ಶುರುವಾದ ಜಾಲವಾದ್ದರಿಂದ ಆ ಸಿಮ್ ಇದಕ್ಕೆ ನಡೆಯದು. ಸಿಮ್ಮಿಗೆ ರೀಚಾರ್ಜು ಮಾಡುತ್ತಿರಲೂಬೇಕು. ವ್ಯಾಲಿಡಿಟಿ ಮುಗಿದ ಮರುದಿನ ಕಳ್ಳ ಬಂದರೆ ಸೈರನ್ ಬೀದಿಗೆ ಕೂಗೀತು, ನಿಮಗೆ ಸುದ್ದಿ ಮುಟ್ಟದು. ಕರೆಂಟ್ ಹೋದರೆ ಎಂದು ಕೇಳಿದ್ದಕ್ಕೆ, ಒಳಗೇ ಬ್ಯಾಟರಿಯಿದೆ, ಕೆಲವು ಗಂಟೆ ತಡೆಯುತ್ತದೆ ಎಂದ. ಸೈರನ್ನಿನ ಅಬ್ಬರ 110 ಡೆಸಿಬಲ್ ಎಂದು ಡಬ್ಬದ ಮೇಲೆ ಬರೆದಿತ್ತು. “ಮೈಸೂರು ರೋಡಿಗೆ ಸಾಕಾಗತ್ತಾ?” ಎಂದೆ. ಈ ಸಲ ನಕ್ಕ.

ಕ್ಯಾಮೆರಾ ಸಾಲದೇ, ಅಲಾರಂ ಯಾಕೆ ಎನ್ನುವವರಿಗೆ ಅವನದೊಂದು ಮಾತಿತ್ತು: ಕ್ಯಾಮೆರಾ ಆದದ್ದನ್ನು ಬರೆದಿಡುತ್ತದೆ, ಅಷ್ಟೆ, ಬುದ್ಧಿಯಿರುವ ಕಳ್ಳ ಅದನ್ನು ಬರೆದಿಟ್ಟುಕೊಂಡ ಡಿವಿಆರ್ ಪೆಟ್ಟಿಗೆಯನ್ನೇ ಕಂಕುಳಲ್ಲಿಟ್ಟುಕೊಂಡು ಹೋಗುತ್ತಾನೆ. ಮನೆಗೆ ಮೊದಲು ಕ್ಯಾಮೆರಾ ಇಟ್ಟ ಹೆಂಗಸಿಗೂ ಇದು ಹೊಳೆದಿತ್ತೆಂದು ಕಾಣುತ್ತದೆ. ನ್ಯೂಯಾರ್ಕಿನ ಕ್ವೀನ್ಸಿನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಎಂಬ ನರ್ಸ್ ಇದ್ದಳು. ಹೊತ್ತುಗೊತ್ತಿಲ್ಲದ ಪಾಳಿ, ಗಂಡನದೂ ಅಂಥದ್ದೇ ಕೆಲಸ, ಕರೆದರೆ ಪೊಲೀಸರು ಬರುವುದು ತಡ. ಗಂಡ ಎಲೆಕ್ಟ್ರಾನಿಕ್ಸ್ ಬಲ್ಲವನು. ಇಬ್ಬರೂ ಸೇರಿ ಬಾಗಿಲಿಗೆ ನಾಲ್ಕು ಎತ್ತರದಲ್ಲಿ ನಾಲ್ಕು ಇಣುಕುಗಿಂಡಿ ಕೊರೆದು, ಅವುಗಳ ಹಿಂದೆ ಮೇಲೆ ಕೆಳಗೆ ಜಾರುವ ಕ್ಯಾಮೆರಾ ಇಟ್ಟು, ಮಲಗುವ ಕೋಣೆಯಲ್ಲಿ ಟೀವಿ ಪರದೆ, ಮಾತಾಡಲು ಮೈಕು, ದೂರದಿಂದಲೇ ಬಾಗಿಲು ತೆರೆಯಲು ಒಂದು ಗುಂಡಿ, ಸಹಾಯಕ್ಕೆ ಕರೆಯಲು ಇನ್ನೊಂದು ಗುಂಡಿ ಜೋಡಿಸಿದರು. 1966ರಲ್ಲಿ ಅರ್ಜಿ ಹಾಕಿದ್ದಕ್ಕೆ 1969ರ ಡಿಸೆಂಬರಿನಲ್ಲಿ ಪೇಟೆಂಟು ಬಂತು. ಬರೀ ನೋಡುವುದು ಸಾಲದು, ಯಾರನ್ನಾದರೂ ಕೂಗಬೇಕು ಎಂದು ಆಕೆಗೆ ಅನ್ನಿಸಿತ್ತಲ್ಲ, ಅದು ದೊಡ್ಡದು.

ಕೂಗುವ ಯಂತ್ರ ಅದಕ್ಕೂ ಹಳೆಯದು. 1853ರಲ್ಲಿ ಅಮೆರಿಕದ ಬಾಸ್ಟನ್ ಕಡೆಯ ಆಗಸ್ಟಸ್ ರಸಲ್ ಪೋಪ್ ಎಂಬಾತ ಬಾಗಿಲು ಕಿಟಕಿಗಳಿಗೆ ತಂತಿ ಎಳೆದು, ತೆರೆದರೆ ವಿದ್ಯುತ್ ಹರಿದು ಗಂಟೆ ಬಾರಿಸುವಂತೆ ಮಾಡಿ ಪೇಟೆಂಟ್ ಪಡೆದ. ಆತ ವೃತ್ತಿಯಲ್ಲಿ ಪಾದ್ರಿ. ಭಗವಂತನ ಮೇಲೆ ಭಾರ ಹಾಕಿದವರೂ ಬಾಗಿಲಿಗೆ ಬ್ಯಾಟರಿ ಹಾಕುತ್ತಿದ್ದರೆಂದು ತಿಳಿದು ನನಗೆ ಸಮಾಧಾನವಾಯಿತು. ನಾಲ್ಕು ವರ್ಷ ಬಿಟ್ಟು ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿ ಅದರ ಹಕ್ಕು ಕೊಂಡು ಮನೆಮನೆಗೆ ಮಾರಲು ಹೊರಟ.

ಆದರೆ ಕಳ್ಳತನದ ವಿದ್ಯೆಯಲ್ಲಿ ಈ ದೊರೆಗಳು ನಮ್ಮ ಮುಂದೆ ಮಕ್ಕಳು. ಶೂದ್ರಕನ ‘ಮೃಚ್ಛಕಟಿಕ’ದ ಮೂರನೆಯ ಅಂಕದಲ್ಲಿ ಶರ್ವಿಲಕ ಎಂಬ ಕಳ್ಳ ಬರುತ್ತಾನೆ. ಹುಟ್ಟಿನಿಂದ ಬ್ರಾಹ್ಮಣ, ವಿದ್ಯೆಯಿಂದ ಕನ್ನಗಾರ. ಗೋಡೆಗೆ ಕನ್ನ ಕೊರೆಯುವ ಮುಂಚೆ ಅರಳಿದ ಕಮಲದ ಆಕಾರ ಚೆಂದವೋ, ಸೂರ್ಯನದೋ, ಬಾಲಚಂದ್ರನದೋ, ಸ್ವಸ್ತಿಕವೋ ಎಂದು ಯೋಚಿಸಿ, ಈ ಇಟ್ಟಿಗೆಗೆ ಪೂರ್ಣಕುಂಭವೇ ಒಪ್ಪುತ್ತದೆಂದು ತೀರ್ಮಾನಿಸುತ್ತಾನೆ. ಅಳತೆಯ ದಾರ ಮರೆತು ಬಂದಿದ್ದಕ್ಕೆ ಜನಿವಾರದಿಂದಲೇ ಅಳೆಯುತ್ತಾನೆ. ಒಳಗೆ ಹೋಗಿ ನೋಡಿದರೆ ಮೃದಂಗ, ವೀಣೆ, ಕೊಳಲು, ಪುಸ್ತಕ! ಇದೇನು ನಾಟ್ಯಾಚಾರ್ಯನ ಮನೆಯೋ ಎಂದುಕೊಂಡವನಿಗೆ ಕೊನೆಗೆ ಇದು ನಿಜವಾಗಿಯೂ ಬಡವನ ಮನೆ ಎಂದು ಖಾತ್ರಿಯಾಗಿ, ಪಾಪ ಎಂದು ಹೊರಡಲು ಅಣಿಯಾಗುತ್ತಾನೆ. ಅಷ್ಟರಲ್ಲಿ ಯಜಮಾನನ ಗೆಳೆಯ ಮೈತ್ರೇಯ ನಿದ್ದೆಗಣ್ಣಿನಲ್ಲಿ ಗಣಿಕೆ ವಸಂತಸೇನೆಯ ಒಡವೆಯ ಗಂಟನ್ನು ತಾನೇ ಅವನ ಕೈಗಿಡುತ್ತಾನೆ. ಬೆಳಗ್ಗೆ ಮನೆಯ ಯಜಮಾನ ಚಾರುದತ್ತ ಮಾಡಿದ್ದೇನು ಗೊತ್ತೆ? ಕನ್ನದ ಅಂದವನ್ನು ಹೊಗಳಿದ. ಅಷ್ಟು ಕಷ್ಟಪಟ್ಟು ಕೊರೆದವನು ಬರಿಗೈಲಿ ಹೋದನಲ್ಲ, ಗೆಳೆಯರಿಗೆ ಏನೆಂದು ಹೇಳಿಕೊಂಡಾನು ಎಂದು ನೊಂದುಕೊಂಡ. ಒಡವೆ ಹೋಗಿದೆ ಎಂದು ತಿಳಿದಾಗ ಸದ್ಯ, ಅವನಿಗೆ ಏನಾದರೂ ಸಿಕ್ಕಿತಲ್ಲ ಎಂದು ಸಂತೋಷಪಟ್ಟ. ಆ ಒಡವೆ ತನ್ನದಲ್ಲ, ನಂಬಿ ಇಡಲು ಕೊಟ್ಟದ್ದು ಎಂಬುದು ಆಮೇಲೆ ನೆನಪಾಯಿತು.

ಗಿರೀಶ ಕಾರ್ನಾಡರು ಇದೇ ನಾಟಕದಿಂದ 1984ರಲ್ಲಿ ‘ಉತ್ಸವ್’ ಎಂಬ ಹಿಂದಿ ಚಿತ್ರ ಮಾಡಿದಾಗ ಕಳ್ಳನ ಪಾತ್ರ ಮಾಡಿದ್ದು ನಮ್ಮ ಶಂಕರ್‌ನಾಗ್. ಬೆಂಗಳೂರಿನ ಅರ್ಧ ಆಟೊಗಳ ಹಿಂದೆ ಈಗಲೂ ನಗುತ್ತಿರುವ ಆ ಮುಖ ನಮ್ಮ ಮನೆಗೆ ಕನ್ನ ಹಾಕಿದರೆ ಕಾಫಿ ಕೊಟ್ಟು ಫೋಟೊ ತೆಗೆಸಿಕೊಂಡು ಕಳಿಸುತ್ತಿದ್ದೆವು. ನನ್ನ ಪಟ್ಟಿ ನೋಡಿದಾಗಲೆಲ್ಲ ನನಗೆ ಚಾರುದತ್ತನ ಚಿಂತೆಯೇ ಕಾಡುತ್ತದೆ: ಇಷ್ಟು ದೂರ ಬಂದವನಿಗೆ ಹಂಡೆ ತೋರಿಸಿ ಕಳಿಸುವುದು ಹೇಗೆ?

ಶರ್ವಿಲಕನ ಇನ್ನೊಂದು ಜಾಣತನ ಹೇಳಲೇಬೇಕು. ಹಳೆಯ ಬಾಗಿಲು ಕಿರುಗುಟ್ಟೀತೆಂದು ಅದಕ್ಕೆ ನೀರು ಚಿಮುಕಿಸುತ್ತಾನೆ; ಆ ನೀರು ನೆಲಕ್ಕೆ ಬಿದ್ದು ಸದ್ದಾದೀತೆಂದು ಮತ್ತೆ ಹೆದರುತ್ತಾನೆ. ನಮ್ಮ ಗೇಟೂ ಹಾಗೇ ಕಿರುಗುಟ್ಟುತ್ತಿತ್ತು. ಯಾರು ಬಂದರು, ಯಾರು ಹೋದರು ಎಂದು ಇಡೀ ಬೀದಿಗೆ ಸಾರುತ್ತಿತ್ತು. ಜಪಾನಿನ ಕ್ಯೋಟೊದಲ್ಲಿ ನಿಜೊ ಎಂಬ ಕೋಟೆಯರಮನೆಯಿದೆ. ಅಲ್ಲಿಯ ಮೊಗಸಾಲೆಯ ಹಲಗೆ ತುಳಿದರೆ ಕೆಳಗಿನ ಮೊಳೆ-ಕೊಂಡಿಗಳು ಒಂದಕ್ಕೊಂದು ಉಜ್ಜಿ ಹಕ್ಕಿ ಚಿಲಿಪಿಲಿಗುಟ್ಟಿದ ಸದ್ದಾಗುತ್ತದೆ. ಕಾವಲಿಗೆಂದೇ ಹಾಗೆ ಕಟ್ಟಿದ್ದೆಂದು ಹೇಳುವುದುಂಟು. ನಮ್ಮಲ್ಲಿ ಅದೇ ವ್ಯವಸ್ಥೆ ಪುಕ್ಕಟೆಯಾಗಿ ಇತ್ತು. ದೀಪಾವಳಿಗೆ ಬಣ್ಣ ಹೊಡೆಸುವಾಗ ನಾನೇ ಮುಂದೆ ನಿಂತು ಗೇಟಿನ ಹಿಂಜಿಗೆ ಗ್ರೀಸು ಹಾಕಿಸಿ, ಮಾರನೆಯ ತಿಂಗಳು ಅಲಾರಂಗೆ ದುಡ್ಡು ಕೊಟ್ಟೆ.

ಹಾಕಲು ಬಂದ ಹುಡುಗ ಮಂಡ್ಯದ ಕಡೆಯವನು. ಏಣಿ, ಡ್ರಿಲ್ಲು, ಕಿವಿಗೊಂದು ಇಯರ್‌ಫೋನು. ಬಾಗಿಲ ಚೌಕಟ್ಟಿಗೆ ಒಂದು ತುಂಡು, ಬಾಗಿಲಿಗೆ ಒಂದು ತುಂಡು ಅಂಟಿಸಿದ. ಒಂದರಲ್ಲಿ ಅಯಸ್ಕಾಂತ, ಇನ್ನೊಂದರಲ್ಲಿ ಪುಟ್ಟ ಗಾಜಿನ ನಳಿಗೆಯೊಳಗೆ ಕೂದಲೆಳೆಯಂಥ ಎರಡು ಲೋಹದ ಪಟ್ಟಿ. ಅಯಸ್ಕಾಂತ ಹತ್ತಿರವಿರುವಷ್ಟು ಹೊತ್ತು ಪಟ್ಟಿಗಳು ಕೂಡಿಕೊಂಡಿರುತ್ತವೆ. ಬಾಗಿಲು ತೆರೆದು ಅದು ದೂರ ಸರಿದರೆ ಇವೂ ಬೇರೆಯಾಗುತ್ತವೆ, ಪೆಟ್ಟಿಗೆಗೆ ಸುದ್ದಿ ಹೋಗುತ್ತದೆ. 1936ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಕಂಡುಹಿಡಿದ ಈ ಉಪಾಯ ಇವತ್ತಿಗೂ ಹಾಗೇ ನಡೆಯುತ್ತಿದೆ. ಆಮೇಲೆ ಹಾಲಿನ ಮೂಲೆಯಲ್ಲಿ, ಏಳೆಂಟು ಅಡಿ ಎತ್ತರದಲ್ಲಿ, ಬಿಳಿಯ ಉಬ್ಬುಗಣ್ಣಿನ ಪಿಐಆರ್ ಸೆನ್ಸರ್ ಕೂರಿಸಿದ. ಅದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಮೈಬಿಸಿಯಿರುವ ಯಾವುದಾದರೂ ಎದುರು ಹಾದರೆ ಆ ಶಾಖದ ಏರುಪೇರನ್ನು ಗುರುತಿಸಿ ಕೂಗುತ್ತದೆ. ಮೂಲೆಯಲ್ಲಿ ಸುಮ್ಮನೆ ಕೂತು ಹೋಗಿಬರುವವರನ್ನು ನೋಡುವುದು, ಆಗಾಗ ವಿನಾಕಾರಣ ಕೂಗಾಡುವುದು: ಪೆನ್ಷನ್‌ದಾರನ ದಿನಚರಿಯೇ ಅದು. ಬಿಸಿಲು ನೇರವಾಗಿ ಬೀಳುವ ಕಡೆ, ಫ್ರಿಜ್ಜಿನ ಬೆನ್ನಿನೆದುರು, ಹಾರಾಡುವ ಪರದೆಯ ಬಳಿ ಇಡಬಾರದು. ಸುಳ್ಳು ಕೂಗು ಜಾಸ್ತಿಯಾಗುತ್ತದೆ ಎಂದ. ಗಾಜಿನಾಚೆಯ ಮನುಷ್ಯ ಅದಕ್ಕೆ ಕಾಣುವುದಿಲ್ಲ ಎಂಬುದನ್ನೂ ಹೇಳಿಕೊಟ್ಟ.

“ಅಂಕಲ್, ಆರು ನಂಬರ್ ಹೇಳಿ. ಒಂದಾದ ಮೇಲೊಂದಕ್ಕೆ ಕಾಲ್ ಹೋಗತ್ತೆ.”

ನನ್ನದು, ಮನೆಯವಳದು, ಬಸವೇಶ್ವರನಗರದಲ್ಲಿರುವ ಭಾವಮೈದನದು. ಆಮೇಲೆ?

“ಅಕ್ಕಪಕ್ಕದವರದು ಹಾಕಿ ಅಂಕಲ್. ಬಸವೇಶ್ವರನಗರದಿಂದ ಟ್ರಾಫಿಕ್ಕಲ್ಲಿ ಬರೋಷ್ಟರಲ್ಲಿ ಕಳ್ಳ ಚನ್ನಪಟ್ಟಣ ದಾಟಿರ್ತಾನೆ.”

ಆಗ ಗೊತ್ತಾಯಿತು, ಪಕ್ಕದ ಮನೆಯವರ ಫೋನ್ ನಂಬರು ನಮ್ಮಲ್ಲಿಲ್ಲ. ಅವರ ಕಾರಿನ ನಂಬರು ಗೊತ್ತು, ಏಕೆಂದರೆ ಅದು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತದೆ. ಅವರ ಕುಕ್ಕರಿನ ಸೀಟಿಗಳ ಸಂಖ್ಯೆ ಗೊತ್ತು. ಮಗ ಯಾವ ಸಬ್ಜೆಕ್ಟಿನಲ್ಲಿ ಬೈಸಿಕೊಳ್ಳುತ್ತಾನೆ ಎಂಬುದೂ ಗೊತ್ತು. ನಂಬರು ಮಾತ್ರ ಗೊತ್ತಿಲ್ಲ. ಹುಡುಗನನ್ನು ಏಣಿಯ ಮೇಲೇ ನಿಲ್ಲಿಸಿ ಹೋಗಿ ಬೆಲ್ ಒತ್ತಿದೆ. ಕಾರಿನ ವಿಷಯಕ್ಕೇ ಬಂದಿದ್ದೇನೆಂದು ಆತ ಮೊದಲು ಕೀ ಹಿಡಿದುಕೊಂಡೇ ಹೊರಬಂದರು. ವಿಷಯ ತಿಳಿದ ಮೇಲೆ ಕೂರಿಸಿ, ನಂಬರು ಕೊಟ್ಟು, ಚಕ್ಕುಲಿ ಕೊಟ್ಟು, “ನಮಗೂ ಒಂದು ಹಾಕಿಸ್ಬೇಕು ಸಾರ್, ರೇಟ್ ಎಷ್ಟು ಹೇಳ್ದ?” ಎಂದು ಪಿಸುಗುಟ್ಟಿದರು.

ಎದುರುಮನೆಯ ಅಜ್ಜಿಯನ್ನು ಕೇಳುವ ಅಗತ್ಯ ಬೀ‍ಳಲಿಲ್ಲ. ಹುಡುಗ ಏಣಿ ಇಳಿಸುತ್ತಿದ್ದಾಗಲೇ ಅವರು ಅವನ ಊರು, ತಾಲ್ಲೂಕು, ತಾಯಿಯ ತವರು, ಬೆಳಗ್ಗೆ ಏನು ತಿಂದು ಬಂದ ಎಂಬುದನ್ನೆಲ್ಲ ತಿಳಿದುಕೊಂಡಿದ್ದರು. ಒಳಗೆ ಬಂದವನೇ, “ಆ ಅಜ್ಜಿ ನಂಬರ್ ಫಸ್ಟ್ ಹಾಕಿ ಅಂಕಲ್” ಎಂದ.

ಕೊನೆಯದು ಧ್ವನಿಮುದ್ರಣ. ಫೋನ್ ಎತ್ತಿದವರಿಗೆ ಕೇಳಿಸಲು ಹತ್ತು ಸೆಕೆಂಡಿನ ಸಂದೇಶ ನಮ್ಮ ದನಿಯಲ್ಲೇ ತುಂಬಬೇಕು. ಸರ್ಕಾರಿ ಪತ್ರ ಬರೆದೇ ತಲೆ ಬೆಳ್ಳಗಾದವನು ನಾನು. ಗಂಟಲು ಸರಿಮಾಡಿಕೊಂಡು ಶುರುಮಾಡಿದೆ: “ಮಾನ್ಯರೇ, ನಮಸ್ಕಾರ. ಈ ಅವೇಳೆಯಲ್ಲಿ ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ. ವಿಷಯವೇನೆಂದರೆ, ನಮ್ಮ ಮನೆಗೆ...” ಬೀಪ್. ಮುಗಿಯಿತು. ಇನ್ನೊಮ್ಮೆ ಮಾಡೋಣವೆಂದರೆ ಹುಡುಗನಿಗೆ ಕೆಂಗೇರಿಯಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು. “ಆಮೇಲೆ ನೀವೇ ಮಾಡ್ಕೊಳ್ಳಿ, ಈಸಿ” ಎಂದು ಹೊರಟುಹೋದ. ಹೋಗುವ ಮುಂಚೆ ಇನ್ನೊಂದು ಹೇಳಿದ್ದ. ನೀವು ಮನೆಯಲ್ಲೇ ಮಲಗುವಾಗ ರಿಮೋಟಿನಲ್ಲಿ ಮನೆಯ ಚಿತ್ರವಿರುವ ಗುಂಡಿ ಒತ್ತಿ, ಆಗ ಬಾಗಿಲುಗಳು ಮಾತ್ರ ಕಾವಲಿರುತ್ತವೆ, ಹಾಲಿನ ಕಣ್ಣು ಮುಚ್ಚಿರುತ್ತದೆ. ನಾನು ಬೀಗದ ಚಿತ್ರವಿರುವುದನ್ನೇ ಒತ್ತುತ್ತಿದ್ದೆ. ದುಡ್ಡು ಕೊಟ್ಟ ಮೇಲೆ ಒಂದು ಸೆನ್ಸರು ಮಾತ್ರ ಯಾಕೆ ನಿದ್ದೆ ಹೊಡೆಯಬೇಕು?

ಹಾಗಾಗಿ ಒಂದು ನಡುರಾತ್ರಿ ಅದು ಕೂಗಿತು. 110 ಡೆಸಿಬಲ್ ಎಂದರೇನೆಂದು ಡಬ್ಬದ ಮೇಲೆ ಓದಿದರೆ ಗೊತ್ತಾಗುವುದಿಲ್ಲ. ಬಾಗಿಲು ಭದ್ರವಾಗಿತ್ತು, ಕಿಟಕಿ ಭದ್ರವಾಗಿತ್ತು; ಟಾರ್ಚು ಹಿಡಿದು ನೋಡಿದರೆ ಸೆನ್ಸರಿನ ಉಬ್ಬುಗಣ್ಣಿನ ಮೇಲೆ ದಪ್ಪನೆಯ ಹಲ್ಲಿಯೊಂದು ಆರಾಮವಾಗಿ ಕೂತಿತ್ತು. ದೂರದ ಗೋಡೆಯ ಹಲ್ಲಿಯನ್ನು ಆ ಯಂತ್ರ ಲೆಕ್ಕಕ್ಕೆ ಇಡುವುದಿಲ್ಲ. ಕಣ್ಣಿನ ಮೇಲೆಯೇ ಹರಿದಾಡಿದರೆ ಅದೂ ಏನು ಮಾಡೀತು? ತಲೆಯ ಮೇಲೆ ಬಿದ್ದರೆ ಏನು, ಭುಜದ ಮೇಲೆ ಬಿದ್ದರೆ ಏನು ಎಂದು ಪಂಚಾಂಗದಲ್ಲಿ ಹಲ್ಲಿಯ ಫಲ ಬರೆದವರು ಪಿಐಆರ್ ಮೇಲೆ ಕೂತರೆ ಏನೆಂದು ಬರೆದಿಲ್ಲ. ಮನೆಯವಳು ಕಿವಿ ಮುಚ್ಚಿಕೊಂಡು “ರೀ, ಮೊದ್ಲು ಅದನ್ನ ಆಫ್ ಮಾಡ್ರೀ” ಎಂದು ಕೂಗುತ್ತಿದ್ದಳು, ರಿಮೋಟು ಸಿಗಲೊಲ್ಲದು. ಅಷ್ಟರಲ್ಲಿ ಪೆಟ್ಟಿಗೆ ತನ್ನ ಪಾಡಿಗೆ ತಾನು ಕರೆ ಮಾಡಲು ಶುರುಮಾಡಿತ್ತು. ಬಸವೇಶ್ವರನಗರದ ಭಾವಮೈದ ಫೋನ್ ಎತ್ತಿ, ನನ್ನ ದನಿಯಲ್ಲಿ “ಮಾನ್ಯರೇ” ಎಂಬ ಸಂಬೋಧನೆ ಕೇಳಿ, ಇದು ದನಿ ನಕಲು ಮಾಡುವ ಸೈಬರ್ ವಂಚಕರ ಕೆಲಸವೇ ಸರಿ ಎಂದು ಕಟ್ ಮಾಡಿ ನಂಬರನ್ನು ಬ್ಲಾಕ್ ಮಾಡಿದ. ಪಕ್ಕದ ಮನೆಯವರ ಫೋನು ಸೈಲೆಂಟಿನಲ್ಲಿತ್ತು. ಅಮೆರಿಕದಲ್ಲಿ ಆಗ ಹಾಡುಹಗಲು. ತಾನು ಕಳಿಸಿದ್ದ ವೈಫೈ ಕ್ಯಾಮೆರಾದಲ್ಲಿ ಮಗಳು ಕಂಡದ್ದು, ಪಂಚೆ ಎತ್ತಿಕಟ್ಟಿ ಸ್ಟೂಲಿನ ಮೇಲೆ ಕಸಬರಿಕೆ ಹಿಡಿದು ನಿಂತ ಅಪ್ಪನನ್ನು. “ಅಪ್ಪಾ, ಕಳ್ಳ ಎಲ್ಲಿ?” ಎಂದು ಕ್ಯಾಮೆರಾದಿಂದಲೇ ದನಿ ಬಂದಾಗ ಬೀಳುವುದೊಂದು ಬಾಕಿ.

ಬೀದಿಯಲ್ಲಿ ದೀಪ ಹತ್ತಿದ್ದು ಒಂದೇ ಮನೆಯಲ್ಲಿ. ಎದುರುಮನೆಯ ಅಜ್ಜಿ ಬಾಲ್ಕನಿಗೆ ಬಂದು, “ಯಾವನೋ ಅವ್ನು?” ಎಂದು ಕೂಗಿದ ದನಿಗೆ ಎಷ್ಟು ಡೆಸಿಬಲ್ಲೋ ಅಳೆದವರಿಲ್ಲ, ಬೀದಿನಾಯಿಗಳೆಲ್ಲ ಎದ್ದು ಅವರ ಜೊತೆಗೂಡಿದವು. ಬೆಳಗ್ಗೆ ವಿಚಾರಿಸಿದರೆ ಒಬ್ಬರು ಆಂಬುಲೆನ್ಸ್ ಎಂದುಕೊಂಡಿದ್ದರು, ಇನ್ನೊಬ್ಬರು ಯಾರದೋ ಕಾರು ಎಂದುಕೊಂಡಿದ್ದರು, ಮೇಲ್ಮನೆಯವರು ನಾವು ಟೀವಿಯ ಸದ್ದು ಜಾಸ್ತಿ ಮಾಡಿದ್ದೇವೆಂದು ಬೈದುಕೊಂಡಿದ್ದರು. ಪಕ್ಕದ ಮನೆಯವರು ಮಾತ್ರ ತಪ್ಪಿದ ಕರೆ ನೋಡಿ ಕಂಗಾಲಾಗಿ ಓಡಿಬಂದರು, ಅದೂ ಏಳೂವರೆಗೆ, ಹಲ್ಲುಜ್ಜುತ್ತಾ.

ವಿದೇಶದಲ್ಲಾದರೆ ತಿಂಗಳ ಬಾಡಿಗೆಗೆ ಒಂದು ಕಂಪನಿ ಹಗಲೂ ರಾತ್ರಿ ಇಂಥ ಕರೆಗಳಿಗೆ ಕಿವಿಗೊಟ್ಟು ಕೂತಿರುತ್ತದಂತೆ. ನಮ್ಮಲ್ಲೂ ಆ ಸೇವೆ ಮಾರುವವರಿದ್ದಾರೆ. ನನ್ನಂಥವರು ಎಸ್.ಪಿ. ರೋಡಿನಿಂದ ತಂದ ಪೆಟ್ಟಿಗೆ ಕೂಗುವುದು ಮಾತ್ರ ಬೀದಿಗೆ. ಕಳ್ಳ ಆ ಸದ್ದಿಗೆ ಹೆದರುವುದಿಲ್ಲ. ಸದ್ದಿಗೆ ಯಾರಾದರೂ ಏಳುತ್ತಾರೆ ಎಂಬುದಕ್ಕೆ ಹೆದರುತ್ತಾನೆ. ಏಳುವವರೇ ಇಲ್ಲದಿದ್ದರೆ ಅವನು ಸಾವಕಾಶವಾಗಿ ರಿಮೋಟ್ ಹುಡುಕಿ ಆಫ್ ಮಾಡಿ, ಹಂಡೆಯನ್ನೂ ಒಯ್ದಾನು.

ಈಗ ಸಂದೇಶ ಬದಲಾಯಿಸಿದ್ದೇನೆ. “ನಾಯಂಡಹಳ್ಳಿ ಮನೆಗೆ ಕಳ್ಳ ಬಂದಿದ್ದಾನೆ” ಎಂದಷ್ಟೇ ಇದೆ; ಮಿಕ್ಕ ಸೆಕೆಂಡುಗಳಲ್ಲಿ ಹಿನ್ನೆಲೆಯ ಮಿಕ್ಸಿ ಸದ್ದು. ಭಾವಮೈದನ ಫೋನಿನಲ್ಲಿ ನಂಬರು ಅನ್‌ಬ್ಲಾಕ್ ಆಗಿದೆ. ಅಜ್ಜಿಯ ನಂಬರು ಮೊದಲನೆಯದು. ಇನ್ನು ಉಳಿದಿರುವುದು ನಮ್ಮ ಕ್ರಾಸಿನವರಲ್ಲೂ, ಯಾವುದೇ ಕ್ರಾಸಿನಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮಲ್ಲೂ ಒಂದು ವಿಜ್ಞಾಪನೆ. ಪಕ್ಕದ ಮನೆಯವರ ನಂಬರು ಇವತ್ತೇ ತೆಗೆದುಕೊಳ್ಳಿ. ರಾತ್ರಿ ಎಲ್ಲಾದರೂ ಸೈರನ್ ಕೇಳಿದರೆ ಹೊರಗೆ ಬಂದು ವೀರಾವೇಶ ತೋರಿಸುವುದು ಬೇಡ. ಎದ್ದು ದೀಪ ಹಾಕಿ, ಕಿಟಕಿಯಿಂದ ಒಂದು ಕೂಗು ಹಾಕಿ, 112ಕ್ಕೆ ಫೋನ್ ಮಾಡಿ. ಹಲ್ಲಿಯೇ ಆಗಿದ್ದರೆ ಬೆಳಗ್ಗೆ ನಾನೇ ಮನೆಮನೆಗೆ ಬಂದು ತಿಳಿಸುತ್ತೇನೆ.